ಕೊನೆಯ ಸಾಲಿನ ಹೆಸರುಗಳು

ತಾಲ್ಲೂಕು ವರದಿಗಾರರಾಗಿ ಹೊಸದಾಗಿ ಸೇರಿದವರು ಈಗಲೂ ಆಗೀಗ ಸವಣೂರಿನ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಸುದ್ದಿಯ ಮೊದಲ ಸಾಲು ಹೇಗಿರಬೇಕು ಎಂದು ಕೇಳುತ್ತಾರೆ. ಮೊದಲ ಸಾಲನ್ನು ನೀವು ಹೇಗೆ ಬರೆದರೂ ಡೆಸ್ಕಿನಲ್ಲಿ ಕುಳಿತವರು ತಿದ್ದಿಯೇ ತಿದ್ದುತ್ತಾರೆ, ಕೊನೆಯ ಸಾಲನ್ನು ಹುಷಾರಾಗಿ ಬರೆಯಿರಿ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ನಗಿಸಲು ಹೇಳಿದ ಮಾತಲ್ಲ ಅದು.

ಕೊನೆಯ ಸಾಲು ಎಂದರೆ ‘ಇದ್ದರು’ ಸಾಲು. ಪಕ್ಷದ ಕಾರ್ಯಕರ್ತರ ಸಭೆಯಾಗಲಿ, ಶಾಲೆಯ ಕೊಠಡಿಯ ಉದ್ಘಾಟನೆಯಾಗಲಿ, ಚರಂಡಿಯ ಗುದ್ದಲಿ ಪೂಜೆಯಾಗಲಿ, ಸುದ್ದಿಯ ತುದಿಗೆ ‘ಇಂಥವರು, ಇಂಥವರು, ಮುಂತಾದವರು ಇದ್ದರು’ ಎಂದು ಬರೆಯುವುದು ನಮ್ಮ ಕಡೆಯ ಪದ್ಧತಿ. ಹಳ್ಳಿಯ ಜನ ಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಮೊದಲು ತಮ್ಮ ಹೆಸರು ನೋಡಿಕೊಳ್ಳುತ್ತಾರೆ, ಆಮೇಲೆ ತಮಗಾಗದವರ ಹೆಸರು ಹುಡುಕುತ್ತಾರೆ, ಪುರಸತ್ತು ಉಳಿದರೆ ಮಂತ್ರಿಗಳು ಏನು ಹೇಳಿದರು ಎಂದು ನೋಡುತ್ತಾರೆ.

ನಾನು ಹಾನಗಲ್ಲಿನಲ್ಲಿದ್ದಾಗ ಅಕ್ಕಿಆಲೂರಿನ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಬೆಳಗಿನ ಬಸ್ಸಿಗೇ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಹಿಂದಿನ ದಿನದ ಪಕ್ಷದ ಸಭೆಗೆ ಪೆಂಡಾಲು, ಊಟ ಎಲ್ಲ ಅವರದೇ. ಸುದ್ದಿಯಲ್ಲಿ ಹೆಸರು ಬಿಟ್ಟುಹೋಗಿತ್ತು.

“ಆಚಾರ್ರ, ನಾ ಯಾವಾಗಿಂದ ‘ಮುಂತಾದವರು’ ಆದೇನ್ರಿ?” ಎಂದರು. ಸಿಟ್ಟಿಗಿಂತ ಹೆಚ್ಚು ದುಃಖವಿತ್ತು ಆ ದನಿಯಲ್ಲಿ. ಮುಂದಿನ ಸಭೆಯಲ್ಲಿ ಅವರ ಹೆಸರನ್ನು ಎಲ್ಲರಿಗಿಂತ ಮೊದಲು ಹಾಕಿದೆ. ಆವಾಗ ಪಕ್ಷದ ತಾಲ್ಲೂಕು ಅಧ್ಯಕ್ಷರು ನನ್ನೊಂದಿಗೆ ಮಾತು ಬಿಟ್ಟರು.

ಆಚಾರ್ರು ಎಂದು ನನ್ನನ್ನು ಕರೆಯುವುದಕ್ಕೆ ನನ್ನ ವಿದ್ಯೆ ಕಾರಣವಲ್ಲ. ನಮ್ಮ ಅಜ್ಜ ಮಠದಲ್ಲಿ ಶಾಸ್ತ್ರ ಪಾಠ ಹೇಳುತ್ತಿದ್ದವರು, ಅಪ್ಪ ಪುರಾಣ ಹೇಳುತ್ತಿದ್ದವರು. ನಾನು ಪೇಪರಿಗೆ ಸೇರಿದಾಗ ಅಪ್ಪ, “ನಾವು ಆಗಿಹೋದದ್ದನ್ನ ಹೇಳ್ತೇವಿ, ನೀ ಆಗೂದನ್ನ ಹೇಳ್ತಿ. ಎರಡರಾಗೂ ಸುಳ್ಳು ಸೇರಿಸಬಾರದು” ಎಂದಷ್ಟೇ ಹೇಳಿ ಸಂಧ್ಯಾವಂದನೆಗೆ ಎದ್ದರು. ಮನೆತನದ ಹೆಸರು ಮಾತ್ರ ನನ್ನ ಬೆನ್ನು ಬಿಡಲಿಲ್ಲ. ನಾನು ಕೆಲಸ ಮಾಡಿದ ನಾಲ್ಕೂ ತಾಲ್ಲೂಕಿನ ಪುಢಾರಿಗಳು ನನ್ನನ್ನು ಅರ್ಧ ವರದಿಗಾರ, ಅರ್ಧ ಪುರೋಹಿತ ಎಂದುಕೊಂಡಿದ್ದರು.

ಇದರಿಂದ ಆದ ಒಂದು ಫಜೀತಿ ಹೇಳಿಬಿಡುತ್ತೇನೆ. ಹಿರೇಕೆರೂರಿನಲ್ಲಿದ್ದಾಗ ಜಿಲ್ಲಾ ಪಂಚಾಯ್ತಿ ಚುನಾವಣೆ ಬಂತು. ಒಂದು ಪಕ್ಷದ ಅಭ್ಯರ್ಥಿ ಗುಟ್ಟಾಗಿ ಬಂದು, ನಾಮಪತ್ರ ಕೊಡಲು ಒಳ್ಳೆಯ ಹೊತ್ತು ನೋಡಿ ಹೇಳಿ ಎಂದ. ಪಂಚಾಂಗ ತೆಗೆದು ಹೇಳಿದೆ. ಸಂಜೆ ಎದುರು ಪಕ್ಷದವನೂ ಅಷ್ಟೇ ಗುಟ್ಟಾಗಿ ಬಂದ. ಪಂಚಾಂಗವೇನು ಪಕ್ಷಕ್ಕೊಂದು ಇರುತ್ತದೆಯೇ? ಅವನಿಗೂ ಅದೇ ಹೊತ್ತು ಹೇಳಿದೆ. ಮರುದಿನ ಇಬ್ಬರೂ ಡೊಳ್ಳು ಬಾರಿಸುತ್ತ ತಹಶೀಲ್ದಾರ ಕಚೇರಿಯ ಬಾಗಿಲಲ್ಲಿ ಮುಖಾಮುಖಿಯಾದರು. ನಾ ಮುಂದೆ ತಾ ಮುಂದೆ ಎಂದು ನೂಕಾಟವಾಯಿತು. ಪೊಲೀಸ್ ಸಾಹೇಬರು ಲಾಠಿ ಅಡ್ಡ ಹಿಡಿದು, “ಯಾವ ಪುಣ್ಯಾತ್ಮ ಹೇಳ್ಯಾನ್ರಿ ನಿಮಗ ಈ ಟೈಮ?” ಎಂದರೆ ಇಬ್ಬರೂ ಒಟ್ಟಿಗೇ ಬೇವಿನ ಮರದ ಕೆಳಗೆ ನಿಂತಿದ್ದ ನನ್ನ ಕಡೆ ಕೈ ಮಾಡಿದರು. ಆ ಚುನಾವಣೆಯಲ್ಲಿ ಗೆದ್ದವನು ರಾಹುಕಾಲದಲ್ಲಿ ಬಂದು ಅರ್ಜಿ ಕೊಟ್ಟುಹೋಗಿದ್ದ ಪಕ್ಷೇತರ. ಅಲ್ಲಿಂದ ಮುಂದೆ ನನ್ನನ್ನು ಯಾರೂ ಮುಹೂರ್ತ ಕೇಳಲಿಲ್ಲ, ಅದೇ ಲಾಭ.

ಶಿಗ್ಗಾವಿಯಲ್ಲಿ ಪಕ್ಷ ಸೇರ್ಪಡೆಯ ಸುದ್ದಿಗಳದೇ ಕಾಟ. ಒಬ್ಬ ಕಾರ್ಯಕರ್ತ ಬೆಳಿಗ್ಗೆ ಒಂದು ಪಕ್ಷದ ಶಾಲು ಹಾಕಿಸಿಕೊಂಡು ಫೋಟೊ ತೆಗೆಸಿಕೊಂಡ, ಸಂಜೆ ಹಳೆಯ ಪಕ್ಷದವರು ಎಳೆದೊಯ್ದು ತಮ್ಮ ಶಾಲು ಹಾಕಿದರು. ಎರಡೂ ಸುದ್ದಿ ಒಂದೇ ಪುಟದಲ್ಲಿ ಅಕ್ಕಪಕ್ಕ ಬಂದವು. ಕೇಳಿದರೆ, “ಥಂಡಿ ದಿನ ನೋಡ್ರಿ, ಎರಡೂ ಉಪಯೋಗಕ್ಕ ಬಂದ್ವು” ಎಂದು ನಕ್ಕ.

ಆಗ ಸುದ್ದಿ ಕಳಿಸುವುದೇ ಒಂದು ಸಾಹಸ. ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕವರು ಕೊಡಬೇಕು, ಬಸ್ ತಪ್ಪಿದರೆ ಯಲವಿಗಿ ಸ್ಟೇಷನ್ನಿಗೆ ಓಡಿ ರೈಲಿನಲ್ಲಿ ಗುರುತಿನವರನ್ನು ಹುಡುಕಬೇಕು. ಆಮೇಲೆ ಫ್ಯಾಕ್ಸ್ ಬಂತು, ಕಂಪ್ಯೂಟರು ಬಂತು, ಕೊನೆಗೆ ಎಲ್ಲವೂ ಅಂಗೈಯಲ್ಲಿನ ಫೋನಿಗೆ ಬಂದು ನಿಂತಿತು. ಬದಲಾಗದೆ ಉಳಿದವರು ಹುಬ್ಬಳ್ಳಿ ಡೆಸ್ಕಿನ ದೇಶಪಾಂಡೆಯವರು. ನನಗಿಂತ ಒಂದೆರಡು ವರ್ಷ ದೊಡ್ಡವರು. ನಾನು ಬರೆದದ್ದರಲ್ಲಿ ಅರ್ಧ ಕತ್ತರಿಸುತ್ತಿದ್ದರು, ಉಳಿದರ್ಧ ಓದಿದರೆ ಬೇಜಾರಾದರೂ ಚಲೋ ಆಗಿರುತ್ತಿತ್ತು. ಅವರದೊಂದು ಕಟ್ಟುನಿಟ್ಟಿನ ನೇಮ: ತಾಲ್ಲೂಕಿನ ಸುದ್ದಿಗೆ ತಿದ್ದುಪಡಿ ಇಲ್ಲ. “ತಪ್ಪು ಹಾಕಿದ್ರ ಮಂದಿ ನಾಳೆ ಮರೀತಾರ. ತಿದ್ದುಪಡಿ ಹಾಕಿದ್ರ ಜನ್ಮಪೂರ್ತಿ ನೆನಪಿಡ್ತಾರ” ಎನ್ನುತ್ತಿದ್ದರು. ಈ ನೇಮವನ್ನು ಅವರು ಮುರಿದದ್ದು ಒಂದೇ ಸಲ. ಅದರ ಕಥೆಯನ್ನೇ ನಾನು ಹೇಳಹೊರಟದ್ದು.

ನಿವೃತ್ತಿಗೆ ನಾಲ್ಕೈದು ವರ್ಷ ಮೊದಲು ನಾನು ಸವಣೂರಿಗೆ ಬಂದಿದ್ದೆ. ಹತ್ತಿಮತ್ತೂರಿನ ಆಚೆಗೊಂದು ಊರು, ಹೆಸರು ಬೇಡ. ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ ಎಂದು ಕಾನೂನು ಹೇಳುತ್ತದೆ. ಆದರೆ ಯಾವ ಸದಸ್ಯರು ಯಾವ ಪಕ್ಷದವರು ಎಂದು ಊರಿನ ಎಮ್ಮೆಗೂ ಗೊತ್ತಿರುತ್ತದೆ. ಆ ಸಲ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಗೆದ್ದ ಪಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ ಅದರ ಮೇಲೆ ಹಕ್ಕಿತ್ತು. ಒಬ್ಬಾಕೆ ದೊಡ್ಡ ಹಿಡುವಳಿಯ ಮನೆಯ ಶಾಂತವ್ವ. ಇನ್ನೊಬ್ಬಾಕೆ ಕೆಳಗಿನ ಓಣಿಯ ಗಂಗವ್ವ, ಗಂಡ ತೀರಿಕೊಂಡವಳು, ಕೂಲಿಗೆ ಹೋಗಿ ಅತ್ತೆಯನ್ನು ಸಾಕುತ್ತಿದ್ದವಳು.

ಇಂಥ ಕಡೆ ನಮ್ಮಲ್ಲಿ ಅವಧಿ ಹಂಚಿಕೊಳ್ಳುವುದು ರೂಢಿ. ಮೊದಲರ್ಧ ಒಬ್ಬರು, ಎರಡನೆಯರ್ಧ ಇನ್ನೊಬ್ಬರು. ಇದಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಊರ ಬೀರಪ್ಪನ ಗುಡಿಯಲ್ಲಿ ಭಂಡಾರ, ಎಂದರೆ ದೇವರ ಅರಿಶಿನ ಪುಡಿ, ಕೈಯಲ್ಲಿ ಹಿಡಿದು ಆಣೆ ಮಾಡುತ್ತಾರೆ. ಪೇಪರಿನವನನ್ನೂ ಕರೆಯುತ್ತಾರೆ, ಬರೆಯುವುದಕ್ಕಲ್ಲ. ಪಕ್ಷದ ತಾಲ್ಲೂಕು ಅಧ್ಯಕ್ಷರು ಫೋನಿನಲ್ಲಿ ನನಗೆ ಹೇಳಿದ್ದೂ ಅದನ್ನೇ: “ಬರೀಬ್ಯಾಡ್ರಿ ಆಚಾರ್ರ, ಬರೇ ಬಂದು ಇರ್ರಿ. ನೀವಿದ್ರ ಮಾತಿಗೆ ಒಂದು ತೂಕ.”

ಹೋದೆ. ಶಾಂತವ್ವನ ಗಂಡ ಬಸನಗೌಡ ಮುಂದೆ ಬಂದು ಭಂಡಾರ ಹಿಡಿದ. “ಅರ್ಧ ಅವಧಿ ಮುಗೀತಿದ್ದಂಗ ನಮ್ಮ ಮನಿಯಾಕಿ ರಾಜೀನಾಮಿ ಕೊಡ್ತಾಳ. ತಪ್ಪಿದ್ರ ಬೀರಪ್ಪ ನನ್ನ ನೋಡ್ಕೊಳ್ಳಲಿ” ಎಂದ. ಗಂಗವ್ವನ ಪರವಾಗಿ ಅವಳ ಮೈದುನ ಹನುಮಂತ, ಅಲ್ಲಿಯ ತನಕ ತಕರಾರು ಮಾಡುವುದಿಲ್ಲ ಎಂದು ಭಂಡಾರ ಹಿಡಿದ. ಹಣೆಗೆ ಹಚ್ಚಿಕೊಂಡರು, ಮಂಡಕ್ಕಿ ತಿಂದರು. ಶಾಂತವ್ವ ಮನೆಯಲ್ಲಿದ್ದಳು. ಗಂಗವ್ವ ಗುಡಿಯ ಹೊರಗೆ ಮೆಟ್ಟಿಲ ಹತ್ತಿರ ನಿಂತಿದ್ದಳು. ಅದರಲ್ಲಿ ಏನಾದರೂ ತಪ್ಪಿದೆ ಎಂದು ನಮಗಾರಿಗೂ ಅನಿಸಲಿಲ್ಲ.

ಹೊರಗೆ ಬಂದಾಗ ವಾಡಿಕೆಯಂತೆ ಗಂಗವ್ವನನ್ನು ಕೇಳಿದೆ, ನಿಮ್ಮ ಪಾಳಿ ಬಂದಾಗ ಏನು ಮಾಡುತ್ತೀರಿ ಎಂದು. ಇಂಥ ಪ್ರಶ್ನೆಗೆ ಎಲ್ಲರೂ ‘ಸರ್ವಾಂಗೀಣ ಅಭಿವೃದ್ಧಿ’ ಎನ್ನುತ್ತಾರೆ.

“ಮಣ್ಣಿಗೆ ಹೋಗೂ ದಾರಿ ಮಾಡಸ್ತೇನ್ರಿ” ಎಂದಳು.

ಕೆಳಗಿನ ಓಣಿಯವರ ಸ್ಮಶಾನಕ್ಕೆ ಹಿಂದೆ ಚಕ್ಕಡಿ ದಾರಿ ಇತ್ತಂತೆ. ಅಕ್ಕಪಕ್ಕದ ಹೊಲದವರು ವರ್ಷಕ್ಕಿಷ್ಟು ಎಂದು ಉತ್ತುತ್ತ ಉತ್ತುತ್ತ ಅದು ಬದುವಿನಷ್ಟಾಗಿತ್ತು. ಎರೆ ಭೂಮಿ, ಮಳೆಗಾಲದಲ್ಲಿ ಕಾಲಿಟ್ಟರೆ ಮೊಣಕಾಲಿನ ತನಕ ಹೂಳುತ್ತದೆ. ಅವಳ ಗಂಡ ಸತ್ತದ್ದು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ.

“ಹೊತ್ತವರು ಜಾರಿದ್ರು ಆಚಾರ್ರ. ಹೆಣ ಕೆಸರಾಗ ಬಿತ್ತು. ನಾ ಮಾರಿ ಒರಸಾಕ ಹೋದ್ರ ಸೆರಗಿಗೂ ಕೆಸರ. ಅವರ ಮಾರಿ ಕಡೀಕ ಹೆಂಗಿತ್ತು ಅಂದ್ರ ನನಗ ಕೆಸರ ಕಾಣಸ್ತೈತ್ರಿ” ಎಂದಳು. ಇಷ್ಟು ಹೇಳಿ, ಕೂಲಿಗೆ ಹೊತ್ತಾಯಿತು ಎಂದು ಹೊರಟುಹೋದಳು.

ಶಾಂತವ್ವ ಅಧ್ಯಕ್ಷೆಯಾದಳು. ಮೊದಮೊದಲು ಎಲ್ಲ ಕಡೆ ಆಗುವಂತೆಯೇ ಆಯಿತು. ಬಸನಗೌಡ ಕುರ್ಚಿಯಲ್ಲಿ ಕೂರುವುದು, ಈಕೆ ಮನೆಯಲ್ಲೇ ಸಹಿ ಹಾಕುವುದು. ‘ಇದ್ದರು’ ಸಾಲಿನಲ್ಲಿ ನಾವೂ ಬಸನಗೌಡನ ಹೆಸರನ್ನೇ ಬರೆಯುತ್ತಿದ್ದೆವು. ಒಮ್ಮೆ ಗ್ರಾಮಸಭೆಯ ದಿನ ಗೌಡನಿಗೆ ಜ್ವರ. ಶಾಂತವ್ವ ತಾನೇ ಹೋಗಬೇಕಾಯಿತು. ಕುಡಿಯುವ ನೀರಿನ ಬಗ್ಗೆ ಹೆಣ್ಣುಮಕ್ಕಳು ಗಲಾಟೆ ಮಾಡಿದಾಗ, “ನಲ್ಲಿ ಮುಂದ ನಿಂತು ನನಗೂ ಗೊತ್ತೈತಿ, ನಿಮಗೂ ಗೊತ್ತೈತಿ. ವಾಲ್ ತಿರುಗಿಸಾಂವ ಎಲ್ಲಿ ಅದಾನ, ಕರೀರಿ ಇಲ್ಲಿ” ಎಂದಳಂತೆ. ಅಂದಿನಿಂದ ಕೊಡಕ್ಕೆ ನೀರು ಬರತೊಡಗಿತು, ಶಾಂತವ್ವ ಪಂಚಾಯ್ತಿಗೆ ಬರತೊಡಗಿದಳು. ಜ್ವರ ಬಿಟ್ಟ ಮೇಲೆ ಗೌಡನಿಗೆ ಕುರ್ಚಿ ಸಿಗಲಿಲ್ಲ.

ಅರ್ಧ ಅವಧಿ ಮುಗಿಯಿತು. ತಾಲ್ಲೂಕು ಅಧ್ಯಕ್ಷರು ಸವಣೂರಿನ ಪ್ರವಾಸಿ ಮಂದಿರಕ್ಕೆ ಎಲ್ಲರನ್ನೂ ಕರೆಸಿದರು, ಸಾಕ್ಷಿ ಎಂದು ನನ್ನನ್ನೂ. ಬಸನಗೌಡ ಒಬ್ಬನೇ ಬಂದ, ಮುಖ ಸಣ್ಣದಾಗಿತ್ತು.

“ಎಲ್ಲಿ ರಾಜೀನಾಮಿ?” ಎಂದರು ಅಧ್ಯಕ್ಷರು.

“ಒಲ್ಲೆ ಅಂತಾಳ್ರಿ ಸಾಹೇಬ್ರ.”

“ಅಲ್ಲೋ ಗೌಡ, ಭಂಡಾರ ಹಿಡದಿದ್ದಿ!”

“ಅದನ್ನ ಹೇಳಿದೆ. ಅದಕ್ಕ ಆಕಿ ಏನಂದ್ಲು ಅಂದ್ರ... ‘ಭಂಡಾರ ಹಿಡದವ್ರು ನೀವು. ನಿಮ್ಮ ಹತ್ರ ಏನು ಅಧ್ಯಕ್ಷಗಿರಿ ಐತಿ ಅದನ್ನ ನೀವು ಬಿಡ್ರಿ. ನಂದು ನನ್ನ ಹತ್ರ ಇರ್ಲಿ’ ಅಂದ್ಲ್ರಿ.”

ಕೋಣೆಯಲ್ಲಿದ್ದವರೆಲ್ಲ ಗಂಡಸರು. ಇಷ್ಟು ವರ್ಷ ಇಷ್ಟು ಊರುಗಳಲ್ಲಿ ಇಷ್ಟೊಂದು ಆಣೆ ಮಾಡಿಸಿದ ತಾಲ್ಲೂಕು ಅಧ್ಯಕ್ಷರಿಗೆ, ಆಣೆ ಮಾಡಬೇಕಾದವರು ಯಾರು ಎಂಬುದು ಅಂದೇ ಹೊಳೆದಂತೆ ಕಂಡಿತು. ಬಸನಗೌಡನ ಪಾಡಂತೂ ಅತ್ತ ದರಿ ಇತ್ತ ಪುಲಿ. ಮನೆಯಲ್ಲಿ ಹೆಂಡತಿ, ಗುಡಿಯಲ್ಲಿ ಬೀರಪ್ಪ. ಎಮ್ಮೆ ಹಾಲು ಬತ್ತಿಸಿದರೂ ಭಂಡಾರದ ಕಾಟ ಎಂದು ಕೈ ಮುಗಿಯುತ್ತಿದ್ದ. ಕೆಲವರು ಅವಿಶ್ವಾಸ ತರೋಣ ಎಂದರು, ಸದಸ್ಯರನ್ನು ಟೆಂಪೊದಲ್ಲಿ ಹಾಕಿಕೊಂಡು ಎಲ್ಲಾದರೂ ದೇವಸ್ಥಾನಕ್ಕೆ ಟೂರ್ ಹೊಡೆದು ಬರೋಣ ಎಂದು ಸಿದ್ಧತೆಯನ್ನೂ ನಡೆಸಿದರು.

ಮರುದಿನ ಗಂಗವ್ವ ನನ್ನ ಹತ್ತಿರ ಬಂದಳು. ಬಸ್ ನಿಲ್ದಾಣದ ಎದುರು ನನ್ನದೊಂದು ಸಣ್ಣ ಕೋಣೆಯಿತ್ತು.

“ಆಚಾರ್ರ, ಗುಡ್ಯಾಗ ನೀವು ಇದ್ರಿ. ಕೇಳೀರಿ. ಪೇಪರದಾಗ ಬರೀರಿ.”

“ಬರೀಬ್ಯಾಡ್ರಿ ಅಂದಿದ್ರವ್ವಾ. ಮ್ಯಾಲೆ ಅದನ್ನ ಕಾನೂನು ಒಪ್ಪೂದಿಲ್ಲ” ಎಂದೆ.

“ಹಂಗಾರ ನೀವ್ಯಾಕ ಬಂದಿದ್ರಿ?”

ಚಹಾ ತರಿಸಿದೆ. ಗಂಗವ್ವ ಅದನ್ನು ಕುಡಿಯದೆ ಹಾಗೇ ಹಿಡಿದುಕೊಂಡು, ಶಾಂತಕ್ಕಾರು ಖರೆ ಏನಂದರು ಎಂದು ಕೇಳಿದಳು. ಗೌಡ ಹೇಳಿದ್ದನ್ನು ಹಾಗೆ ಹಾಗೇ ಹೇಳಿದೆ. ಕೇಳಿ ನಗತೊಡಗಿದಳು.

“ಅವರು ಅಂದಿದ್ದರಾಗ ಏನ್ ತಪ್ಪೈತ್ರಿ? ಭಂಡಾರ ನಾನೂ ಹಿಡದಿಲ್ಲ” ಎಂದಳು. “ಟೆಂಪೊ ಬ್ಯಾಡ ಅಂತ ಹೇಳ್ರಿ ಅವರಿಗೆ. ನಾ ಹೋಗಿ ಕೇಳ್ತೇನಿ.”

ನಾನೂ ಅಧ್ಯಕ್ಷೆಯ ಹೇಳಿಕೆ ಪಡೆಯಬೇಕೆಂದು ಅದೇ ದಿನ ಶಾಂತವ್ವನ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಕುಳಿತಿರುವಾಗ ಗಂಗವ್ವ ಬಂದು ಅಂಗಳದಲ್ಲಿ ನಿಂತಳು. ಬಸನಗೌಡ ಎದ್ದು ಬಾಗಿಲಿಗೆ ಹೋದ. ಶಾಂತವ್ವ, “ನೀವು ದನದ ಕಡೆ ನೋಡ್ರಿ” ಎಂದು ಅವನನ್ನು ಹಿತ್ತಿಲಿಗೆ ಕಳಿಸಿ, “ಒಳಗ ಬಾ ಗಂಗವ್ವ, ಕೂಡು” ಎಂದಳು. ನಾನು ಏಳಹೋದೆ. “ನೀವೂ ಕೂಡ್ರಿ ಆಚಾರ್ರ. ಗುಡ್ಯಾಗ ಇದ್ರೆಂತಲ್ಲ, ಇಲ್ಲೂ ಇರ್ರಿ” ಎಂದಳು. ಆ ಮಾತಿನ ಬಿಸಿ ನನಗೆ ತಟ್ಟಿತು.

ಗಂಗವ್ವ ಪೀಠಿಕೆ ಹಾಕಲಿಲ್ಲ. “ಅಕ್ಕಾರ, ಯಾರ ಆಣಿ ಮಾತೂ ನಾ ಹೇಳಾಕ ಬಂದಿಲ್ಲ. ನನಗ ಉಳದರ್ಧ ಕೊಡ್ರಿ ಅಂತ ನಾನ ಕೇಳಾಕ ಬಂದೇನಿ” ಎಂದು, ಗಂಡನ ಹೆಣ ಜಾರಿದ ಕಥೆಯನ್ನು ಹೇಳಿದಳು. ನನಗೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದಳು.

ಶಾಂತವ್ವ ಅವಳ ಹತ್ತಿರ ಸರಿದು ಕುಳಿತಳು. “ಇದನ್ನ ನನಗ್ಯಾರೂ ಹೇಳಿಲ್ಲ ನೋಡು. ಒಂದ ಊರಾಗ ಅದೇವಿ” ಎಂದಳು. ಆಮೇಲೆ, “ದಾರಿ ತಾನ? ನಾನ ಮಾಡಿಸಿ ಕೊಡ್ತೇನಿ. ನಾಳೆನ ಠರಾವು ಮಾಡ್ತೇನಿ” ಎಂದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಗಂಗವ್ವ ತಲೆಯಾಡಿಸಿದಳು.

“ನೀವು ಮಾಡಿಸಿ ಕೊಟ್ರ ಅದು ದೊಡ್ಡಮನಿಯವರ ಉಪಕಾರ ಆಕ್ಕೈತ್ರಿ ಅಕ್ಕಾರ. ನಾ ಮಾಡಿಸಿದ್ರ ನಮ್ಮ ದಾರಿ ಆಕ್ಕೈತಿ.”

ಶಾಂತವ್ವ ಅವಳನ್ನು ನೋಡಿದಳು. ಆ ಕುರ್ಚಿಯಲ್ಲಿ ಕೂರುವುದೆಂದರೇನು ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಬಿಡಲು ಮನಸ್ಸಿರಲಿಲ್ಲ, ಅದಕ್ಕೇ ಇವಳ ಮಾತೂ ತಿಳಿಯಿತು ಎಂದು ನನಗನಿಸುತ್ತದೆ. ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. “ಕೊಡು ಅಂತ ನನ್ನ ಮುಂದ ಕುಂತು ಕೇಳಿದಾಕಿ ನೀ ಒಬ್ಬಾಕಿ” ಎಂದಷ್ಟೇ ಹೇಳಿದಳು.

ಮಾರನೆಯ ದಿನ ತಾನೇ ಸವಣೂರಿಗೆ ಬಂದು ಉಪವಿಭಾಗಾಧಿಕಾರಿ ಎ.ಸಿ. ಸಾಹೇಬರ ಕಚೇರಿಯಲ್ಲಿ ರಾಜೀನಾಮೆ ಕೊಟ್ಟಳು. ಹೊರಗೆ ನಿಂತಿದ್ದ ನಾನು, ಕಾರಣ ಏನೆಂದು ಬರೆಯಲಿ ಎಂದು ಕೇಳಿದೆ.

“ಗಂಗವ್ವ ಕೇಳಿದ್ಲು, ನಾ ಕೊಟ್ಟೆ. ಹಂಗ ಬರೀರಿ. ಬ್ಯಾರೆ ಏನೂ ಬರೀಬ್ಯಾಡ್ರಿ.”

ಹಾಗೆಯೇ ಬರೆದು ಕಳಿಸಿದೆ. ಬೆಳಿಗ್ಗೆ ಪತ್ರಿಕೆ ಬಿಚ್ಚಿದರೆ ತಲೆಬರಹ: ‘ಒಳ ಒಪ್ಪಂದದಂತೆ ಅಧ್ಯಕ್ಷೆ ರಾಜೀನಾಮೆ’. ದೇಶಪಾಂಡೆಯವರ ಕತ್ತರಿ. ಇಂಥ ಸುದ್ದಿಗೆಲ್ಲ ನಾವು ವರ್ಷಗಟ್ಟಲೆ ಬಳಸಿಕೊಂಡು ಬಂದ ತಲೆಬರಹವೇ ಅದು, ಅಚ್ಚಿನ ಮೊಳೆ ಜೋಡಿಸಿಟ್ಟ ಹಾಗೆ ಸಿದ್ಧವಿರುತ್ತಿತ್ತು. ಚಹಾ ಕುಡಿಯುವ ಮೊದಲೇ ಶಾಂತವ್ವನ ಫೋನು ಬಂತು.

“ಯಾರ ಒಪ್ಪಂದರಿ ಆಚಾರ್ರ? ನಾ ಎಲ್ಲಿದ್ದೆ ಒಪ್ಪಂದದಾಗ? ಮುಂಜಾನಿಂದ ನಮ್ಮ ಮನಿಯವ್ರು ಮೀಸಿ ಮ್ಯಾಲೆ ಕೈ ಇಟ್ಕೊಂಡು ಕಟ್ಟಿಮ್ಯಾಲೆ ಕುಂತಾರ, ‘ನನ್ನ ಆಣಿ ಉಳೀತು’ ಅಂತ. ನಾ ರಾಜೀನಾಮಿ ವಾಪಸ್ ತಗೋತೇನಿ.”

ರಾಜೀನಾಮೆ ಕೊಟ್ಟ ಮೇಲೆ ಅದನ್ನು ಹಿಂಪಡೆಯಲು ಕೆಲವು ದಿನಗಳ ಅವಕಾಶ ಇರುತ್ತದೆ. ಗಂಗವ್ವನ ಪಾಳಿ ಎಂದು ಹೇಳಿ ಸಮಾಧಾನ ಮಾಡಲು ನೋಡಿದೆ.

“ಗಂಗವ್ವಗ ನಾ ಕೊಟ್ಟೇನಿ, ಇಲ್ಲನ್ನೂದಿಲ್ಲ. ಆದ್ರ ಇದನ್ನ ಹಿಂಗ ಬಿಟ್ರ ನಾಳೆ ಆಕಿ ಕುಂತ ಮ್ಯಾಲೂ ಆಕಿ ಮೈದುನ ಗುಡ್ಯಾಗ ಇನ್ನೊಂದು ಆಣಿ ಮಾಡಿ ಬರ್ತಾನ. ಖರೆ ಸುದ್ದಿ ಬಂದ್ರ ರಾಜೀನಾಮಿ ಇರ್ತೈತಿ. ಬರಲಿಲ್ಲ ಅಂದ್ರ ಇಲ್ಲ.”

ಫೋನಿನಲ್ಲಿ ಆಗುವ ಮಾತಲ್ಲ ಎಂದು ಯಲವಿಗಿಗೆ ಹೋಗಿ ರೈಲು ಹತ್ತಿದೆ. ಹಿಂದೆ ಇದೇ ಸ್ಟೇಷನ್ನಿನಲ್ಲಿ ಎಷ್ಟೋ ಸುದ್ದಿಯನ್ನು ಯಾರು ಯಾರದೋ ಕೈಗೆ ಕೊಟ್ಟಿದ್ದೆ. ಒಂದು ಸಾಲಿಗಾಗಿ ನಾನೇ ರೈಲಿನಲ್ಲಿ ಕುಳಿತದ್ದು ಅದೇ ಮೊದಲು. ದೇಶಪಾಂಡೆಯವರು ಕನ್ನಡಕ ಹಣೆಗೆ ಏರಿಸಿಕೊಂಡು ನನ್ನನ್ನು ನೋಡಿ, “ತಿದ್ದುಪಡಿ ಕೇಳಾಕ ಬಂದಿದ್ರ ಚಹಾ ಕುಡದು ವಾಪಸ್ ಹೋಗು” ಎಂದರು.

“ಅದಕ್ಕ ಬಂದೇನ್ರಿ ಸರ್.”

“ಒಪ್ಪಂದ ಆಗಿತ್ತೋ ಇಲ್ಲೋ?”

“ಆಗಿತ್ತು.”

“ನೀನ ಸಾಕ್ಷಿ. ಗುಡ್ಯಾಗ ನೀ ಇದ್ದಿ ಅಂತ ನೀನ ಹೇಳಿದ್ದು.”

“ನಾ ಇದ್ದೆ ಸರ್. ಆಕಿ ಇರಲಿಲ್ಲ.”

ದೇಶಪಾಂಡೆಯವರು ಆ ದಿನದ ಪತ್ರಿಕೆ ಎಳೆದುಕೊಂಡರು. ಕನ್ನಡಕ ಕೆಳಗಿಳಿಸಿ ಮತ್ತೊಮ್ಮೆ ಆ ಸುದ್ದಿ ಓದಿದರು. ಕೊನೆಗೆ ಒಂದು ಕಾಗದ ನನ್ನ ಕಡೆ ತಳ್ಳಿ, “ನೀನ ಬರಿ. ಉದ್ದ ಮಾಡಬ್ಯಾಡ” ಎಂದರು. ಬರೆದೆ. ‘ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಶಾಂತವ್ವ ಅವರು ಯಾವುದೇ ಒಪ್ಪಂದದಂತೆ ರಾಜೀನಾಮೆ ನೀಡಿಲ್ಲ. ಸದಸ್ಯೆ ಗಂಗವ್ವ ಅವರು ಕೇಳಿದ್ದರಿಂದ ಸ್ವಂತ ಇಚ್ಛೆಯಿಂದ ನೀಡಿದ್ದಾರೆ.’ ಅವರು ಓದಿ, ಮೊದಲ ಬಾರಿಗೆ ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ಹೊಡೆಯದೆ ಕೆಳಗೆ ಅಚ್ಚಿಗೆ ಕಳಿಸಿದರು. ಚಹಾ ತಣ್ಣಗಾಗಿತ್ತು, ಇನ್ನೊಂದು ತರಿಸಿದರು.

ರಾಜೀನಾಮೆ ಉಳಿಯಿತು. ಗಂಗವ್ವ ಅವಿರೋಧವಾಗಿ ಅಧ್ಯಕ್ಷೆಯಾದಳು. ಅಂದು ಅವಳ ಹೆಸರನ್ನು ಸೂಚಿಸಿದವಳು ಶಾಂತವ್ವ.

ದಾರಿ ಮಾತ್ರ ಹೇಳಿದಷ್ಟು ಸಲೀಸಾಗಿ ಆಗಲಿಲ್ಲ. ಸರ್ವೇಯವರು ಬರಲು ಸತಾಯಿಸಿದರು. ಹೊಲದವರು, ಇದು ನಮ್ಮ ಅಜ್ಜನ ಕಾಲದಿಂದ ಹೀಗೇ ಇದೆ ಎಂದರು. ಅಳತೆಯ ಸರಪಳಿಯ ಜೊತೆಗೆ ಗಂಗವ್ವ ತಾನೂ ನಡೆದಳು. ಗಲಾಟೆ ಮಾಡಿದ ಒಬ್ಬನಿಗೆ, “ನಿಮ್ಮ ಹೊಲ ನಮಗ ಬ್ಯಾಡಣ್ಣ. ನಾವು ಅಲ್ಲಿ ಉಳಾಕ ಹೋಗೂದಿಲ್ಲ, ಮಲಗಾಕ ಹೋಗ್ತೇವಿ” ಎಂದಳು. ಅವನು ಬದುವಿನಿಂದ ಇಳಿದ. ದಾರಿಗೆ ಗರಸು ಮಣ್ಣು ಹಾಕುವ ದಿನ ಒಂದು ಸಣ್ಣ ಪೂಜೆಯಾಯಿತು. ಸುದ್ದಿಯ ಕೊನೆಗೆ ನಾನು ಗಂಗವ್ವ, ಶಾಂತವ್ವ, ಪಿಡಿಒ ಇಷ್ಟೇ ಜನರ ಹೆಸರು ಬರೆದೆ. ಮರುದಿನ ಬಸನಗೌಡ ಸಿಕ್ಕು, “ನಾನೂ ಹನುಮಂತನೂ ಮುಂದ ನಿಂತಿದ್ವೆಲ್ರಿ ಆಚಾರ್ರ” ಎಂದ. “ನಿಂತಿದ್ರಿ ಗೌಡ್ರ. ಮುಂದಿನ ಸಲ ನಿಮ್ಮ ಮನಿಯವರನ್ನ ಕೇಳಿ ಬರೀತೇನಿ” ಎಂದೆ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ, ನಕ್ಕುಬಿಟ್ಟ. ಬೀರಪ್ಪನ ಋಣ ಹೇಗೋ ತೀರಿತ್ತಲ್ಲ, ಎಮ್ಮೆಯೂ ಹಾಲು ಕೊಡುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಗಂಗವ್ವನ ಅತ್ತೆ ತೀರಿಕೊಂಡಳು. ಸುದ್ದಿ ಕೇಳಿ ನಾನೂ ಹೋದೆ. ಬೆಳಗಿನಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ, ಎರಡೂ ಬದಿಯ ಹೊಲಗಳಲ್ಲಿ ನೀರು ನಿಂತಿತ್ತು. ಹೆಣ ದಾರಿಗಿಳಿದಾಗ ಓಣಿಯವರೆಲ್ಲ ಹತ್ತಿರ ಸರಿದರು. ಅವರ ಕಣ್ಣೆಲ್ಲ ಹೊತ್ತವರ ಕಾಲಿನ ಮೇಲಿತ್ತು. ಗಂಗವ್ವ ಅಳುತ್ತಿರಲಿಲ್ಲ, ಅವಳೂ ಅದನ್ನೇ ನೋಡುತ್ತ ನಡೆಯುತ್ತಿದ್ದಳು. ಅವಳ ಪಕ್ಕದಲ್ಲಿ ಶಾಂತವ್ವ ಕೊಡೆ ಹಿಡಿದು ಬರುತ್ತಿದ್ದಳು. ಹೆಣ ಕುಣಿಯ ಹತ್ತಿರ ಇಳಿದ ಮೇಲೆ ಗಂಗವ್ವ ಅತ್ತೆಯ ಮುಖವನ್ನು ಸೆರಗಿನಿಂದ ಒರೆಸಿದಳು. ಮಳೆಯ ನೀರಷ್ಟೇ ಇತ್ತು. ಆವಾಗ ಅವಳಿಗೆ ಅಳು ಬಂತು. ಗಂಡನಿಗಾಗಿ ಬಂದ ಅಳು ಅದು ಎಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ನಾನೂ ಕಣ್ಣೊರೆಸಿಕೊಂಡೆ.

ಕೋಣೆಗೆ ಬಂದು ನಾಲ್ಕು ಸಾಲು ಬರೆದು ಕಳಿಸಿದೆ. ಹೊಸ ದಾರಿಯಲ್ಲಿ ಮೊದಲ ಅಂತ್ಯಕ್ರಿಯೆ ನಡೆಯಿತು, ಊರಿನವರು ಇದ್ದರು ಎಂದು. ಅಷ್ಟರಲ್ಲಿ ದೇಶಪಾಂಡೆಯವರು ನಿವೃತ್ತರಾಗಿದ್ದರು. ಡೆಸ್ಕಿಗೆ ಹೊಸದಾಗಿ ಬಂದಿದ್ದ ಹುಡುಗಿ ಫೋನು ಮಾಡಿ ವಿನಯದಿಂದಲೇ ಕೇಳಿದಳು.

“ಸರ್, ವಯಸ್ಸಾದ ಅಜ್ಜಿ ತೀರಿಕೊಂಡಿದ್ದಾರೆ, ಮಣ್ಣು ಮಾಡಿದ್ದಾರೆ. ಇದರಲ್ಲಿ ಸುದ್ದಿ ಏನಿದೆ ಸರ್?”

“ಯಾರೂ ಜಾರಲಿಲ್ಲವ್ವಾ” ಎಂದೆ. “ಅದ ಸುದ್ದಿ.”